‘ಪ್ರಾಜೆಕ್ಟ್ ಕಾಂಪ್ಲೆಕ್ಸ್ ಇತ್ತು ಸರ್’ ಎಂಬ ಸಬೂಬು

ಕಾಮಗಾರಿ ತಡವಾದಾಗ, ಖರ್ಚು ದುಪ್ಪಟ್ಟಾದಾಗ, ಉದ್ಘಾಟನೆಯಾದ ಮೊದಲ ಮಳೆಗೇ ಸೂರು ಸೋರಿದಾಗ ನಮ್ಮಲ್ಲೊಂದು ರೆಡಿಮೇಡ್ ಉತ್ತರ ಇದೆ. “ಪ್ರಾಜೆಕ್ಟ್ ಬಹಳ ಕಾಂಪ್ಲೆಕ್ಸ್ ಇತ್ತು ಸರ್.” ಪತ್ರಿಕೆಗೆ ಹೇಳಿಕೆ ಕೊಡುವಾಗ ಇದೇ ಮಾತು ‘ಯೋಜನೆಯ ಸಂಕೀರ್ಣತೆಯಿಂದಾಗಿ’ ಅಂತ ಆಗುತ್ತದೆ. ಕೇಳಿದವರು ತಲೆಯಾಡಿಸುತ್ತಾರೆ. ಸಂಕೀರ್ಣ ಅಂದಮೇಲೆ ಮುಗೀತಲ್ಲ, ಯಾರ ತಪ್ಪೂ ಅಲ್ಲ. ಮಳೆ ಬಂತು, ಗುಡುಗು ಬಂತು ಅನ್ನುವ ಹಾಗೆ ಸಂಕೀರ್ಣತೆಯೂ ಬಂತು!

ನನಗೆ ಈ ಪದ ಕೇಳಿದರೆ ಮೈ ಉರಿಯುತ್ತದೆ. ಕಟ್ಟಡ ಕೆಲಸದಲ್ಲೇ ಹೊಟ್ಟೆ ಹೊರೆದುಕೊಳ್ಳುವವನು ನಾನು. ಡಿಪ್ಲೊಮಾ ಮುಗಿಸಿ ಸೈಟ್ ಇಂಜಿನಿಯರ್ ಅಂತ ಬಿಸಿಲಿಗೆ ನಿಂತಾಗಿನಿಂದ ನೋಡುತ್ತಿದ್ದೇನೆ. ನಮ್ಮ ಕಡೆ ಕಾಮಗಾರಿಗಳು ಸಂಕೀರ್ಣವಾಗುವುದು ಬಹುಪಾಲು ಒಂದೇ ಕಾರಣಕ್ಕೆ: ಮಾಲು ಕೊಡುವವನನ್ನೂ ಕೆಲಸ ಮಾಡುವವನನ್ನೂ ಎಲ್ಲ ತೀರ್ಮಾನ ಆದಮೇಲೆ ಕರೆಯುತ್ತೇವೆ. ಕೇಳದೇ ಬಿಟ್ಟ ಪ್ರತಿಯೊಬ್ಬನೂ ಮುಂದೆ ಒಂದು ದಿನ ಒಂದು ತೊಡಕಾಗಿ ಸೈಟಿಗೆ ಬಂದೇ ಬರುತ್ತಾನೆ. ಅದಕ್ಕೆ ನಾವು ಇಟ್ಟುಕೊಂಡ ಚಂದದ ಹೆಸರು ಸಂಕೀರ್ಣತೆ.

ಬ್ಲಾಗ್ ಗೆಳೆಯರು ಬೆಂಗಳೂರಿನ ಮೆಟ್ರೋ, ಫ್ಲೈಓವರ್, ವೈಟ್ ಟಾಪಿಂಗ್ ಬಗ್ಗೆ ಬೇಕಾದಷ್ಟು ಬರೆದಿದ್ದೀರಿ. ನಾನು ಕಲಬುರಗಿಯಿಂದ, ಕಮಲಾಪುರದಿಂದ ಬರೆಯುತ್ತೇನೆ. ಇಲ್ಲಿನ ಕಥೆ ಕೇಳಿದರೆ ನಿಮಗೂ ನಿಮ್ಮೂರು ನೆನಪಾಗಬಹುದು.

ಮೊದಲು ಒಂದು ತಮಾಷೆ ಹೇಳುತ್ತೇನೆ. ಕಲಬುರಗಿ ಜಿಲ್ಲೆ ಅಂದರೆ ಸಿಮೆಂಟಿನ ಕಣಜ. ವಾಡಿ, ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲ ಕಡೆ ಸಿಮೆಂಟ್ ಕಾರ್ಖಾನೆಗಳು. ನೆಲದಡಿಯ ಸುಣ್ಣದ ಕಲ್ಲು ನಮ್ಮದು, ಧೂಳು ನಮ್ಮದು, ಲಾರಿಯಡಿ ಸಿಕ್ಕು ಹಾಳಾದ ರಸ್ತೆಯೂ ನಮ್ಮದು. ಅರ್ಧ ದೇಶದ ಮನೆಗಳಿಗೆ ಹಾಸುವ ಫರಸಿ ಶಹಾಬಾದಿನದು, ಅದೂ ನಮ್ಮ ಪಕ್ಕದ ಊರು. ಉಕ್ಕು ಬೇಕೆಂದರೆ ಬಳ್ಳಾರಿ ಕಡೆಯ ತೋರಣಗಲ್ಲು ದೂರವೇನಲ್ಲ. ಕೆಲಸ ಮಾಡುವ ಕೈಗಳಿಗಂತೂ ಬರವೇ ಇಲ್ಲ. ಕಮಲಾಪುರ, ಚಿಂಚೋಳಿ ಸುತ್ತಿನ ತಾಂಡಾಗಳಿಂದ ಸುಗ್ಗಿ ಮುಗಿದ ಕೂಡಲೇ ಜನ ಗಂಟು ಮೂಟೆ ಕಟ್ಟಿಕೊಂಡು ಮುಂಬಯಿ, ಪುಣೆ, ಹೈದರಾಬಾದಿಗೆ ಹೋಗುತ್ತಾರೆ. ಹೋಗಿ ಮಾಡುವುದೇನು? ಅಲ್ಲಿನ ಕಟ್ಟಡ ಕಟ್ಟುತ್ತಾರೆ.

ಸಿಮೆಂಟು, ಕಲ್ಲು, ಕೈ, ಮೂರೂ ಇರುವ ಊರಲ್ಲಿ ಕಾಮಗಾರಿಗಳು ಮಾತ್ರ ಮುಗಿಯುವುದಿಲ್ಲ. ಯಾಕ್ರೀ?

ದುಡ್ಡಿಲ್ಲ ಅನ್ನುವ ಕಾಲವೂ ಹೋಯಿತು. 371(ಜೆ) ತಿದ್ದುಪಡಿಯಾದ ಮೇಲೆ ಪ್ರದೇಶಾಭಿವೃದ್ಧಿ ಮಂಡಳಿ ಬಂತು. 2023ರಲ್ಲಿ ಕಲ್ಯಾಣ ಕರ್ನಾಟಕದ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಅಂತ ಬಜೆಟ್ಟಿನಲ್ಲೇ ಘೋಷಣೆಯಾಯಿತು. ಮಾರ್ಚ್ ಹತ್ತಿರ ಬಂದಾಗ ಪತ್ರಿಕೆಗಳಲ್ಲಿ ಬರುವ ಸುದ್ದಿ ದುಡ್ಡು ಸಾಲಲಿಲ್ಲ ಅಂತಲ್ಲ, ದುಡ್ಡು ಖರ್ಚಾಗಲಿಲ್ಲ ಅಂತ.

ಬೀದರ್-ಕಲಬುರಗಿ ರೈಲು ಮಾರ್ಗವನ್ನೇ ನೋಡಿ. 110 ಕಿಲೋಮೀಟರ್. ಹುಮನಾಬಾದ್ ದಾಟಿ ಕಮಲಾಪುರದ ಮೇಲೆ ಹಾಯ್ದು ಕಲಬುರಗಿಗೆ ಬರುತ್ತದೆ. 1990ರ ದಶಕದ ಕೊನೆಯಲ್ಲಿ ಮಂಜೂರಾದದ್ದು. ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಮೊದಲ ಅಂದಾಜು 400 ಕೋಟಿಯ ಒಳಗಿತ್ತು, ಮುಗಿಯುವಾಗ 1,500 ಕೋಟಿ ದಾಟಿತ್ತು. ಕಮಲಾಪುರದ ಕಡೆ ಆ ಮಾರ್ಗದ ಮಣ್ಣು ಹಾಕುವುದನ್ನು ನೋಡುತ್ತಾ ಶಾಲೆಗೆ ಹೋದ ಹುಡುಗರು ತಮ್ಮ ಮಕ್ಕಳನ್ನು ಕರೆದುಕೊಂಡು ಮೊದಲ ರೈಲು ಹತ್ತಿದರು. ಇದು ಉತ್ಪ್ರೇಕ್ಷೆಯಲ್ಲ, ಲೆಕ್ಕ ಹಾಕಿ ನೋಡಿ.

ಇದಕ್ಕೂ ಕಾರಣ ಸಂಕೀರ್ಣತೆಯೇ ಅಂದರು. ಮರಗುತ್ತಿ ಬಳಿ ಒಂದೂವರೆ ಕಿಲೋಮೀಟರ್ ಮೀರಿದ ಸುರಂಗ ಇದೆ, ನಿಜ. ಸುರಂಗ ನಿಜವಾಗಿಯೂ ಸಂಕೀರ್ಣ. ಒಳಗೆ ಎಂಥ ಬಂಡೆ ಇದೆ, ಎಲ್ಲಿ ನೀರು ಇದೆ ಅಂತ ತೋಡುವವರೆಗೂ ಪೂರ್ತಿ ಗೊತ್ತಾಗುವುದಿಲ್ಲ. ಅದನ್ನು ನಾನು ಒಪ್ಪುತ್ತೇನೆ. ಆದರೆ ಅದೇ ದಶಕದಲ್ಲಿ ನಮ್ಮದೇ ರಾಜ್ಯದ ಕರಾವಳಿಯಲ್ಲಿ ಹಾಯ್ದ ಕೊಂಕಣ ರೈಲ್ವೆಯನ್ನು ಪಕ್ಕದಲ್ಲಿಟ್ಟು ನೋಡಿ. 1990ರಲ್ಲಿ ನಿಗಮ ಹುಟ್ಟಿತು, 1998ರಲ್ಲಿ ಪೂರ್ತಿ ಮಾರ್ಗದಲ್ಲಿ ರೈಲು ಓಡಿತು. ಸುಮಾರು 740 ಕಿಲೋಮೀಟರ್, 90ಕ್ಕೂ ಹೆಚ್ಚು ಸುರಂಗ, ಮೇಲೆ ಆ ಮಳೆ. ನಮ್ಮದಕ್ಕಿಂತ ಏಳು ಪಟ್ಟು ಉದ್ದ, ಅರ್ಧಕ್ಕಿಂತ ಕಡಿಮೆ ಕಾಲ. ಸಂಕೀರ್ಣತೆಯೇ ಕಾರಣವಾಗಿದ್ದರೆ ಕೊಂಕಣ ರೈಲು ಇವತ್ತಿಗೂ ಕಾರವಾರ ಮುಟ್ಟಬಾರದಿತ್ತು.

ಅಲ್ಲಿ ಇ. ಶ್ರೀಧರನ್ ಇದ್ದರು ಅಂತ ನೀವು ಹೇಳುತ್ತೀರಿ. ಗೊತ್ತು. ಎಲ್ಲದಕ್ಕೂ ಒಬ್ಬ ಶ್ರೀಧರನ್ ಬೇಕು ಅನ್ನುವುದು ನಮ್ಮ ಇನ್ನೊಂದು ಸಬೂಬು. ಅವರು ಮಾಡಿದ್ದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೊಂಕಣಕ್ಕೆ ಬಾಂಡ್ ಹೊರಡಿಸಿ, ನಾಲ್ಕು ರಾಜ್ಯಗಳ ಪಾಲು ಸೇರಿಸಿ, ದುಡ್ಡನ್ನು ಕೆಲಸದ ವೇಗಕ್ಕೆ ಹೊಂದಿಸಿದರು. ಗುತ್ತಿಗೆದಾರ ಬಿಲ್ ಕೊಟ್ಟರೆ ದೊಡ್ಡ ಪಾಲನ್ನು ತಕ್ಷಣ ಕೊಟ್ಟು, ಉಳಿದದ್ದನ್ನು ಪರಿಶೀಲನೆ ಆದಮೇಲೆ ಕೊಡುವ ಪದ್ಧತಿಯನ್ನು ಅವರು ಮುಂದೆ ದೆಹಲಿ ಮೆಟ್ರೋದಲ್ಲೂ ನಡೆಸಿದರು. ನಮ್ಮ ಬೀದರ್ ಮಾರ್ಗಕ್ಕೆ? ವರ್ಷಕ್ಕೊಮ್ಮೆ ಬಜೆಟ್ಟಿನಲ್ಲಿ ಒಂದಿಷ್ಟು ಹನಿ. ಹನಿ ಬಿದ್ದಾಗ ಕೆಲಸ, ನಿಂತಾಗ ಕೆಲಸವೂ ನಿಂತಿತು. ಕೆಲಸ ನಿಂತರೆ ಏನಾಗುತ್ತದೆ ಅಂತ ಸೈಟಿನಲ್ಲಿ ಇದ್ದವನಿಗೆ ಗೊತ್ತು. ಖಡಿ ಮಷಿನ್ನಿನವನು ಬೇರೆ ಗಿರಾಕಿ ನೋಡಿಕೊಳ್ಳುತ್ತಾನೆ. ಟಿಪ್ಪರಿನವನ ಕಂತು ಬ್ಯಾಂಕಿನಲ್ಲಿ ಬಾಕಿ ಬೀಳುತ್ತದೆ. ಕೆಲಸ ಗೊತ್ತಿದ್ದ ತಂಡ ಪುಣೆ ರೈಲು ಹತ್ತುತ್ತದೆ. ಮತ್ತೆ ಹನಿ ಬಿದ್ದಾಗ ಹೊಸ ತಂಡ, ಹೊಸ ರೇಟು, ಹೊಸ ಜಗಳ. ಪ್ರತಿ ಸಲವೂ ಸರಪಳಿಯನ್ನು ಕಡಿದು ಮತ್ತೆ ಕಟ್ಟುವುದು. ಬಂಡೆಗಿಂತ ಇದು ಗಟ್ಟಿ.

ವಿಮಾನ ನಿಲ್ದಾಣದ್ದೂ ಇದೇ ಜಾತಿ. 2008ರಲ್ಲಿ ಅಡಿಗಲ್ಲು, ಖಾಸಗಿ ಸಹಭಾಗಿತ್ವ, ದೊಡ್ಡ ದೊಡ್ಡ ಮಾತು. ಕೊನೆಗೆ ಲೋಕೋಪಯೋಗಿ ಇಲಾಖೆಯೇ ಕೈಗೆತ್ತಿಕೊಂಡು 2019ರ ನವೆಂಬರ್ 22ಕ್ಕೆ ಉದ್ಘಾಟನೆ ಆಯಿತು. ಬಯಲು ನೆಲದಲ್ಲಿ ರನ್‌ವೇ ಹಾಸುವುದರಲ್ಲಿ ಯಾವ ಸುರಂಗ ಇತ್ತು ಅಂತ ನಾನು ಕೇಳುವುದಿಲ್ಲ ಬಿಡಿ :-)

ದೊಡ್ಡ ಯೋಜನೆಗಳ ಮಾತು ಸಾಕು. ಅವುಗಳ ಬಗ್ಗೆ ಬರೆದರೆ ರಾಜಕೀಯ ಅನ್ನುತ್ತೀರಿ. ಒಂದು ಸಣ್ಣ ಕಟ್ಟಡದ ಕಥೆ ಹೇಳುತ್ತೇನೆ, ಅದರಲ್ಲಿ ನಾನೇ ಇದ್ದೆ. ಕಮಲಾಪುರದ ಕಡೆಯ ಒಂದು ಹಳ್ಳಿ, ಆರು ಕೋಣೆಯ ಶಾಲೆ. ಕಟ್ಟಿಸಿದವರ ಹೆಸರು, ಗುತ್ತಿಗೆದಾರನ ಹೆಸರು ಇಲ್ಲಿ ಬೇಡ. ಆರು ಕೋಣೆ, ಒಂದು ವರಾಂಡಾ, ಎರಡು ಶೌಚಾಲಯ. ಇದಕ್ಕಿಂತ ಸರಳ ಕಟ್ಟಡ ಇನ್ನೇನಿರುತ್ತದೆ?

ನಕ್ಷೆ ಬೆಂಗಳೂರಿನಿಂದ ಬಂತು. ‘ಟೈಪ್ ಡಿಸೈನ್’ ಅನ್ನುತ್ತಾರೆ, ಅಂದರೆ ಒಂದೇ ನಕ್ಷೆ ಎಲ್ಲ ಊರಿಗೂ. ಬುನಾದಿ ಐದು ಅಡಿ. ಜಾಗ ಎರೆ ಭೂಮಿ. ಎರೆ ಮಣ್ಣಿನ ಗುಣ ನಮ್ಮ ಕಡೆ ಸಣ್ಣ ಹುಡುಗನಿಗೂ ಗೊತ್ತು: ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಕೂತ ಗೋಡೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ, ಬಿರುಕು ಬಿಡುತ್ತದೆ. ಗಟ್ಟಿ ನೆಲ ಸಿಗುವವರೆಗೆ ಇಳಿಯಬೇಕು, ಇಲ್ಲ ಎರೆ ತೆಗೆದು ಗರಸು ತುಂಬಬೇಕು, ಇಲ್ಲ ಪೈಲ್ ಹಾಕಬೇಕು.

ಗುರುತು ಹಾಕುವ ದಿನ ಬಂದ ಗೌಂಡಿ ಕಾಕಾ ನೆಲವನ್ನು ಒಮ್ಮೆ ಕಾಲಿನಿಂದ ಒತ್ತಿ ನೋಡಿ ಹೇಳಿದ್ದು ಇಷ್ಟು: “ಸರ, ಇಲ್ಲಿ ಐದ್ ಫೂಟಿಗೆ ಏನೂ ಸಿಗಂಗಿಲ್ರಿ. ಹತ್ತ್ ಫೂಟ್ ಎರಿ ಅದ. ಆ ಬಾಜೂ ಹೊಲದ ಬಾವಿ ತೋಡಿದಾಗ ನಾನೇ ಇದ್ದೆ.”

ತೋಡಿದೆವು. ಒಂಬತ್ತೂವರೆ ಅಡಿಗೆ ಗಟ್ಟಿ ನೆಲ ಸಿಕ್ಕಿತು. ಕಾಕಾನ ಲೆಕ್ಕಕ್ಕೂ ನೆಲಕ್ಕೂ ಅರ್ಧ ಅಡಿ ವ್ಯತ್ಯಾಸ. ಆದರೆ ಟೆಂಡರಿನಲ್ಲಿ ಇರುವುದು ಐದು ಅಡಿ. ಹೆಚ್ಚಿನದು ‘ಎಕ್ಸ್‌ಟ್ರಾ ಐಟಂ’. ಅದಕ್ಕೆ ಒಪ್ಪಿಗೆ ಬೇಕು. ಪತ್ರ ಸೈಟಿನಿಂದ ಉಪವಿಭಾಗಕ್ಕೆ, ಅಲ್ಲಿಂದ ವಿಭಾಗಕ್ಕೆ, ಅಲ್ಲಿಂದ ಮೇಲಕ್ಕೆ ಹೋಗಿ, ‘ಸ್ಪಷ್ಟೀಕರಣ ಕೋರಿ’ ವಾಪಸು ಬಂದು, ಮತ್ತೆ ಮೇಲೆ ಹೋಯಿತು. ಅಷ್ಟರಲ್ಲಿ ಜೂನ್. ತೋಡಿದ ಗುಂಡಿಗಳಲ್ಲಿ ನೀರು. ಎರೆ ಮಣ್ಣಿನ ಅಂಚು ಕುಸಿದು ಗುಂಡಿಗಳೆಲ್ಲ ಕೆರೆಯಾದವು. ಒಪ್ಪಿಗೆ ಬಂದಾಗ ಮತ್ತೆ ಮೊದಲಿನಿಂದ ತೋಡಿದೆವು; ಆ ಎರಡನೇ ಸಲದ ತೋಡಿಕೆಗೆ ದುಡ್ಡು ಯಾರು ಕೊಡಬೇಕು ಅನ್ನುವುದು ಇನ್ನೊಂದು ಕಡತ.

ಮುಂದೆ ಉಸುಕು. ಅಂದಾಜು ಪಟ್ಟಿಯಲ್ಲಿ ನದಿ ಉಸುಕಿನ ದರ ಹಿಡಿದಿದ್ದರು. ಭೀಮಾ, ಕಾಗಿಣಾ ಉಸುಕಿನ ಪರಿಸ್ಥಿತಿ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಪರ್ಮಿಟ್ ಇದ್ದರೆ ಲಾರಿ ಇಲ್ಲ, ಲಾರಿ ಇದ್ದರೆ ಪರ್ಮಿಟ್ ಇಲ್ಲ. ಎಂ-ಸ್ಯಾಂಡ್ ಬಳಸುತ್ತೇವೆ ಅಂದರೆ ಮತ್ತೆ ಒಪ್ಪಿಗೆ, ಮತ್ತೆ ಟೆಸ್ಟ್ ರಿಪೋರ್ಟು. ಹತ್ತಿರದ ಖಡಿ ಮಷಿನ್ನಿನ ಮಾಲೀಕರ ಹತ್ತಿರ ಹೋದರೆ ಅವರು ಬೈದೇಬಿಟ್ಟರು: “ನಿಮಗ ಇಷ್ಟ್ ಮಾಲ್ ಬೇಕಂತ ಆರ್ ತಿಂಗಳ ಹಿಂದ ಹೇಳಿದ್ರ ನಾ ತೊಳೆಯೋ ಪ್ಲಾಂಟ್ ಹಾಕಸ್ತಿದ್ದೆ. ಈಗ ಬಂದು ನಾಳಿಗೆ ಕೊಡು ಅಂದ್ರ ಎಲ್ಲಿಂದ ತರ್ಲಿ?” ಅವರು ಹೇಳಿದ್ದರಲ್ಲಿ ತಪ್ಪೇನಿದೆ?

ಕಬ್ಬಿಣದ ಕಥೆ ಇನ್ನೂ ಚಂದ. ಆರು ಕೋಣೆಗೆ ಐದು ಅಳತೆಯ ಸರಳು: 8, 10, 12, 16, 20 ಮಿಲಿಮೀಟರ್. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದವರು ಒಂದೊಂದು ತೊಲೆಗೆ ಬೇಕಾದಷ್ಟೇ ಕೊಟ್ಟು ಕಬ್ಬಿಣ ಉಳಿಸಿದ್ದರು. ಕಾಗದದ ಮೇಲೆ ಉಳಿಯಿತು. ಆದರೆ 20 ಎಂಎಂ ಬೇಕಾಗಿದ್ದು ಮೂರೇ ಕ್ವಿಂಟಲು. ಅಷ್ಟಕ್ಕೆ ಯಾವ ಡೀಲರ್ ಲಾರಿ ಕಳಿಸುತ್ತಾನೆ? ಕಲಬುರಗಿಗೆ ಹೋಗಿ, ಅಂಗಡಿಯಲ್ಲಿ ಚಿಲ್ಲರೆ ದರಕ್ಕೆ ಕೊಂಡು, ಟೆಂಪೋ ಬಾಡಿಗೆ ಕೊಟ್ಟು ತಂದೆವು. ಉಳಿಸಿದ್ದಕ್ಕಿಂತ ತಂದದ್ದಕ್ಕೇ ಜಾಸ್ತಿ ಖರ್ಚಾಯಿತು. ಬಾರ್ ಬೆಂಡಿಂಗ್ ಮಾಡುವ ಹುಡುಗ, ಹತ್ತನೇ ಕ್ಲಾಸೂ ಮುಗಿಸಿಲ್ಲ, ನಕ್ಷೆ ನೋಡಿ ಕೇಳಿದ: “ಸರ, 20 ಎದಕ್ರಿ? 16ರದ್ದೇ ಒಂದ್ ಸರಳ್ ಜಾಸ್ತಿ ಹಾಕಿದ್ರ ಆಗ್ತಿರ್ಲಿಲ್ಲೇನು?” ಲೆಕ್ಕ ಹಾಕಿ ನೋಡಿದೆ. ಆಗುತ್ತಿತ್ತು.

ಕಿಟಕಿಗಳು ಮಾರುಕಟ್ಟೆಯಲ್ಲಿ ಸಿಗದ ಅಳತೆಯವು, ಪ್ರತಿಯೊಂದನ್ನೂ ಕತ್ತರಿಸಿ ಮಾಡಿಸಬೇಕು. ನೆಲಕ್ಕೆ ಗುಜರಾತಿನ ಮೊರ್ಬಿಯಿಂದ ಬರುವ ಟೈಲ್ಸ್. ಪಕ್ಕದಲ್ಲೇ ಶಹಾಬಾದ್ ಫರಸಿ ಇದೆ ಅಂತ ನಕ್ಷೆ ಬರೆದವರಿಗೆ ಯಾರೂ ಹೇಳಿರಲಿಲ್ಲ. ಹಳ್ಳಿ ಶಾಲೆಯ ಮಕ್ಕಳು ಒದ್ದೆ ಕಾಲಲ್ಲಿ ಟೈಲ್ಸ್ ಮೇಲೆ ಜಾರಿ ಬೀಳುತ್ತಾರೆ ಅಂತಲೂ ಹೇಳಿರಲಿಲ್ಲ.

ತಡವಾಗಿ ತಡವಾಗಿ ಸ್ಲ್ಯಾಬ್ ಹಾಕುವ ದಿನ ಬಂದದ್ದು ಯಾವಾಗ? ಮರುವರ್ಷದ ಮೇ ತಿಂಗಳು. ಕಲಬುರಗಿಯ ಮೇ! ಹಾಕುವಾಗ ಕಾಂಕ್ರೀಟಿನ ಉಷ್ಣತೆ 40 ಡಿಗ್ರಿ ದಾಟಬಾರದು ಅನ್ನುತ್ತದೆ ಐಎಸ್ ಕೋಡು. ನಮ್ಮಲ್ಲಿ ನೆರಳೇ 42 ಇರುತ್ತದೆ. ರಾತ್ರಿ ಹಾಕಿದೆವು. ಆಮೇಲೆ ಕ್ಯೂರಿಂಗ್. ಈಗ ಸಿಗುವ ಪಿಪಿಸಿ ಸಿಮೆಂಟಿಗೆ, ಇಂಥ ಬಿಸಿಲಿನಲ್ಲಿ, ಹದಿನಾಲ್ಕು ದಿನ ನೀರು ಆರಬಾರದು. ಊರಿನ ಕೊಳವೆ ಬಾವಿ ಏಪ್ರಿಲ್‌ನಲ್ಲೇ ಬತ್ತಿತ್ತು. ಟ್ಯಾಂಕರಿನವನನ್ನು ಕೇಳಿದರೆ, ಜನಕ್ಕೆ ಕುಡಿಯಲು ಕೊಡಲೋ ನಿಮ್ಮ ಛತ್ತಿಗೆ ಹಾಕಲೋ ಅಂದ. ಅವನಿಗೆ ಏನು ಉತ್ತರ ಕೊಡುತ್ತೀರಿ?

ಈಗ ಲೆಕ್ಕ ಹಾಕಿ. ಗೌಂಡಿ, ಬಾರ್ ಬೆಂಡರ್, ಖಡಿ ಮಷಿನ್ನಿನವರು, ಕಬ್ಬಿಣದ ಡೀಲರ್, ಕಿಟಕಿ ಮಾಡುವವನು, ಟ್ಯಾಂಕರಿನವನು. ಆರು ಜನ. ನಕ್ಷೆ ಅಂತಿಮ ಮಾಡುವ ಮೊದಲು ಒಂದು ಮಧ್ಯಾಹ್ನ ಆ ಜಾಗದ ಬೇವಿನ ಮರದ ಕೆಳಗೆ ಈ ಆರು ಜನರನ್ನು ಕೂರಿಸಿ, ಒಂದೊಂದು ಕಪ್ ಚಹಾ, ಒಂದು ಪ್ಲೇಟ್ ಮಿರ್ಚಿ ಭಜಿ ಕೊಟ್ಟಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಆ ವರ್ಷ ಆ ಊರ ಮಕ್ಕಳು ಹನುಮಾನ್ ಗುಡಿಯ ಕಟ್ಟೆಯ ಮೇಲೆ ಪಾಠ ಕೇಳಿದರು. ವರದಿಯಲ್ಲಿ ಬರೆದ ಕಾರಣ ‘ಸ್ಥಳದ ಸಂಕೀರ್ಣ ಪರಿಸ್ಥಿತಿ’. ಸ್ಥಳ ಸಂಕೀರ್ಣವಾಗಿರಲಿಲ್ಲ ಸ್ವಾಮಿ, ಹತ್ತು ಅಡಿ ಎರೆ ಮಣ್ಣು ಇತ್ತು ಅಷ್ಟೇ. ಅದು ಅಲ್ಲಿ ಸಾವಿರಾರು ವರ್ಷಗಳಿಂದ ಇದೆ.

ಕಮಲಾಪುರದ ಕೆಂಪು ಬಾಳೆ ಕೊಳ್ಳುವ ವ್ಯಾಪಾರಿ ಕೂಡ ತೋಟಕ್ಕೆ ಬಂದು, ಗೊನೆ ನೋಡಿ, ರೈತನ ಜೊತೆ ಮಾತಾಡಿ ಆಮೇಲೆ ಲಾರಿ ಹೇಳುತ್ತಾನೆ. ಬಾಳೆಹಣ್ಣಿಗೆ ಇರುವ ಮರ್ಯಾದೆ ಶಾಲೆಗೆ ಇಲ್ಲ.

ಈ ಮಾತು ಹೇಳಿದಾಗ ಇಲಾಖೆಯಲ್ಲಿರುವ ಗೆಳೆಯರು ಒಂದು ತಕರಾರು ತೆಗೆಯುತ್ತಾರೆ, ಅದು ಹಗುರವಾದದ್ದಲ್ಲ. “ಟೆಂಡರಿಗೆ ಮೊದಲೇ ಸಪ್ಲೈಯರ್ ಜೊತೆ ಕೂತರೆ ಅವನು ತನ್ನ ಮಾಲಿಗೆ ತಕ್ಕಂತೆ ಸ್ಪೆಸಿಫಿಕೇಶನ್ ಬರೆಸಿಕೊಳ್ಳುತ್ತಾನೆ. ಆಮೇಲೆ ನಮ್ಮ ಮೇಲೆ ಲೋಕಾಯುಕ್ತ ಬರುತ್ತದೆ.” 1999ರ ಪಾರದರ್ಶಕತೆ ಕಾಯ್ದೆ, ಅಂದರೆ ಕೆಟಿಪಿಪಿ, ಬಂದದ್ದೇ ಇಂಥ ಒಳಒಪ್ಪಂದ ತಪ್ಪಿಸಲು. ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಒಳಒಪ್ಪಂದ ಆಗುವುದು ಮುಚ್ಚಿದ ಬಾಗಿಲ ಹಿಂದೆ. ನಾನು ಕೇಳುತ್ತಿರುವುದು ಬೇವಿನ ಮರ. ದಿನಾಂಕ ಹಾಕಿ, ಪಂಚಾಯಿತಿ ಗೋಡೆಗೆ ನೋಟಿಸ್ ಅಂಟಿಸಿ, ಬಂದವರೆಲ್ಲರ ಮಾತು ಬರೆದುಕೊಂಡು, ಆ ಹಾಳೆಯನ್ನು ಟೆಂಡರ್ ಜೊತೆಗೇ ಎಲ್ಲರಿಗೂ ಕಾಣುವಂತೆ ಹಾಕಿ. ಈಗಲೂ ‘ಪ್ರೀ-ಬಿಡ್ ಮೀಟಿಂಗ್’ ಅಂತ ನಡೆಯುತ್ತದಲ್ಲ ಅನ್ನಬೇಡಿ. ಅಲ್ಲಿಗೆ ಬರುವವರು ಬಿಡ್ ಹಾಕುವ ಗುತ್ತಿಗೆದಾರರು, ಅಷ್ಟು ಹೊತ್ತಿಗೆ ನಕ್ಷೆ, ಅಂದಾಜು ಎಲ್ಲ ಸಹಿಯಾಗಿ ಕೂತಿರುತ್ತದೆ. ಮದುವೆ ಮಂಟಪದಲ್ಲಿ ಹುಡುಗಿಯ ಅಭಿಪ್ರಾಯ ಕೇಳಿದ ಹಾಗೆ.

ಇನ್ನು ಬೆಂಗಳೂರಿನ ಮ್ಯಾನೇಜ್‌ಮೆಂಟ್ ಓದಿದ ಗೆಳೆಯರ ಪರಿಹಾರ ಬೇರೆ. ಎಲ್ಲವನ್ನೂ ಒಬ್ಬ ದೊಡ್ಡ ಕಂಪನಿಗೆ ಕೊಟ್ಟುಬಿಡಿ. ನಕ್ಷೆಯೂ ಅವನದು, ಕಟ್ಟುವುದೂ ಅವನದು, ರಿಸ್ಕೂ ಅವನದು, ಸರ್ಕಾರಕ್ಕೆ ತಲೆನೋವಿಲ್ಲ. ಕೇಳಲು ಚೆನ್ನಾಗಿದೆ. ಆದರೆ ತಲೆನೋವು ಎಲ್ಲಿಗೆ ಹೋಯಿತು? ದೊಡ್ಡವನು ಅದನ್ನು ಕೆಳಗಿನವನಿಗೆ ದಾಟಿಸುತ್ತಾನೆ, ಅವನು ಇನ್ನೂ ಕೆಳಗಿನವನಿಗೆ. ಹೈದರಾಬಾದಿನ ಕಂಪನಿ ಕಲಬುರಗಿಯವನಿಗೆ ಉಪಗುತ್ತಿಗೆ, ಕಲಬುರಗಿಯವನು ಕಮಲಾಪುರದವನಿಗೆ ತುಂಡು ಗುತ್ತಿಗೆ, ಅವನು ಗೌಂಡಿಗೆ ಚದರಡಿ ಲೆಕ್ಕ. ಒಬ್ಬೊಬ್ಬ ಬರೀ ಹತ್ತು ಪರ್ಸೆಂಟ್ ಇಟ್ಟುಕೊಂಡ ಅಂತ ತಿಳಿಯಿರಿ, ನಾಲ್ಕು ಕೈ ದಾಟುವಾಗ ನೂರು ರೂಪಾಯಿ ಅರವತ್ತೈದಾಗಿರುತ್ತದೆ. ಕಟ್ಟಡ ನಿಲ್ಲುವುದು ಆ ಅರವತ್ತೈದರ ಮೇಲೆ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು 40 ಪರ್ಸೆಂಟ್ ಕಮಿಷನ್ ಆರೋಪ ಮಾಡಿದಾಗ ರಾಜ್ಯವೆಲ್ಲ ಗದ್ದಲವೆದ್ದಿತು, ಏಳಬೇಕಾದ್ದೇ. ಆದರೆ ಅದೇ ಗುತ್ತಿಗೆದಾರರು ತಮ್ಮ ಕೆಳಗಿನ ಗೌಂಡಿಗೆ, ಖಡಿಯವನಿಗೆ ಎಷ್ಟು ತಿಂಗಳು ಬಾಕಿ ಇಡುತ್ತಾರೆ ಅಂತ ಯಾರೂ ಪತ್ರ ಬರೆಯಲಿಲ್ಲ. ಗೌಂಡಿಗಳ ಹತ್ತಿರ ಲೆಟರ್‌ಹೆಡ್ ಇಲ್ಲ ನೋಡಿ.

ದೊಡ್ಡ ಕಂಪನಿ ಎಂಬ ಮಂತ್ರದ ಗತಿ ತಿಳಿಯಬೇಕಾದರೆ ಇಂಗ್ಲೆಂಡಿನ ಕಾರಿಲಿಯನ್ ನೋಡಬೇಕು. ಸರ್ಕಾರಿ ಆಸ್ಪತ್ರೆ, ರಸ್ತೆ, ಶಾಲೆ ಎಲ್ಲ ಗುತ್ತಿಗೆ ಹಿಡಿದಿದ್ದ ಕಂಪನಿ. ಸಣ್ಣ ಸಪ್ಲೈಯರ್‌ಗಳಿಗೆ 120 ದಿನ ಕಾಯಿಸಿ ದುಡ್ಡು ಕೊಡುವ ಷರತ್ತು ಹಾಕುತ್ತಿತ್ತು. 2018ರ ಜನವರಿ 15ರಂದು ಮುಳುಗಿತು. ಲಿವರ್‌ಪೂಲ್‌ನ ದೊಡ್ಡ ಆಸ್ಪತ್ರೆ ಅರ್ಧಕ್ಕೆ ನಿಂತಿತು, ಸಾವಿರಾರು ಸಣ್ಣ ಪೂರೈಕೆದಾರರ ದುಡ್ಡು ನೀರಲ್ಲಿ ಹೋಯಿತು. ಅದೇ ದೇಶದಲ್ಲಿ 1994ರಲ್ಲಿ ಲೇಥಮ್ ವರದಿ, 1998ರಲ್ಲಿ ಈಗನ್ ವರದಿ, ಎರಡೂ ಹೇಳಿದ್ದು ನಮ್ಮ ಗೌಂಡಿ ಕಾಕಾನ ಮಾತನ್ನೇ: ಜಗಳ ಬಿಡಿ, ಪೂರೈಕೆದಾರರನ್ನು ಮೊದಲಿನಿಂದಲೇ ಜೊತೆಗೆ ಕೂರಿಸಿ. ಆ ಮಾತು ಕೇಳಿ ಕಟ್ಟಿದ ಹೀಥ್ರೂ ಟರ್ಮಿನಲ್ 5ರಲ್ಲಿ ರಿಸ್ಕನ್ನು ಕಟ್ಟಿಸುವವರೇ ಹೊತ್ತು, ಮುಖ್ಯ ಪೂರೈಕೆದಾರರನ್ನು ಒಂದೇ ತಂಡವಾಗಿ ಕೂರಿಸಿದರು. ಆ ದೈತ್ಯ ಕಟ್ಟಡ ಹೇಳಿದ ಸಮಯಕ್ಕೆ, ಹೇಳಿದ ಖರ್ಚಿಗೆ ಮುಗಿದು 2008ರ ಮಾರ್ಚ್‌ನಲ್ಲಿ ತೆರೆಯಿತು. (ತೆರೆದ ಮೊದಲ ದಿನಗಳಲ್ಲಿ ಲಗೇಜು ನಡೆಸುವವರು ಎಡವಟ್ಟು ಮಾಡಿ ಸಾವಿರಾರು ಬ್ಯಾಗು ಸಿಕ್ಕಿಹಾಕಿಕೊಂಡವು, ಅದು ಬೇರೆ ಕಥೆ. ಕಟ್ಟಿದವರ ತರಬೇತಿ ಚೆನ್ನಾಗಿತ್ತು, ನಡೆಸುವವರದು ಇರಲಿಲ್ಲ.) ಲಂಡನ್ ವಿಮಾನ ನಿಲ್ದಾಣಕ್ಕಿಂತ ನಮ್ಮ ಆರು ಕೋಣೆಯ ಶಾಲೆ ಹೆಚ್ಚು ಸಂಕೀರ್ಣ ಅಂತ ಯಾರಾದರೂ ಹೇಳಿದರೆ ನಾನು ಈ ಬ್ಲಾಗ್ ಮುಚ್ಚಿಬಿಡುತ್ತೇನೆ!

ದುಡ್ಡಿನ ವಿಷಯದಲ್ಲಿ ಕಾನೂನು ಇಲ್ಲವೇ ಅಂದರೆ, ಇದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನೋಂದಾಯಿತ ಸಣ್ಣ ಉದ್ಯಮಕ್ಕೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು 2017ರಲ್ಲಿ ಆನ್‌ಲೈನ್ ಪೋರ್ಟಲ್ ಕೂಡ ಬಂತು. ಖಡಿ ಮಷಿನ್ನಿನ ಮಾಲೀಕರಿಗೆ ಹೇಳಿದೆ, ದೂರು ಕೊಡಿ ಅಂತ. ಅವರು ನಕ್ಕರು. “ಬಡ್ಡಿ ಸಿಗ್ತದರಿ, ಮುಂದಿನ ಆರ್ಡರ್ ಸಿಗಂಗಿಲ್ಲ.” ಕಾನೂನು ಬರೆದವರು ಈ ವಾಕ್ಯವನ್ನೂ ಒಮ್ಮೆ ಕೇಳಿಸಿಕೊಂಡಿದ್ದರೆ ಚೆನ್ನಾಗಿತ್ತು. ಗೌಂಡಿಗಂತೂ ಆ ಕಾಯ್ದೆ ಮುಟ್ಟುವುದೇ ಇಲ್ಲ, ಅವನ ಹತ್ತಿರ ಬಿಲ್ ಬುಕ್ಕೇ ಇಲ್ಲ, ಇರುವುದು ಜೇಬಿನ ಡೈರಿ.

ಬಾಕಿ ದುಡ್ಡಿಗೂ ಕಟ್ಟಡದ ಗುಣಮಟ್ಟಕ್ಕೂ ಏನು ಸಂಬಂಧ ಅಂತ ಕೇಳಬಹುದು. ಮೂರು ತಿಂಗಳು ದುಡ್ಡು ಸಿಗದ ಗೌಂಡಿ ಒಳ್ಳೆ ಕೈಗಳನ್ನು ಉಳಿಸಿಕೊಳ್ಳಲಾರ. ಸಾಲದ ಮೇಲೆ ಸಿಮೆಂಟ್ ಕೊಡುವ ಅಂಗಡಿಯವನು ಹೊಸ ಸ್ಟಾಕ್ ನಗದು ಗಿರಾಕಿಗೆ ಕೊಟ್ಟು, ಗೋದಾಮಿನ ಮೂಲೆಯ ಹಳೆ ಚೀಲ ನಮಗೆ ಕಳಿಸುತ್ತಾನೆ. ಮೂರು ತಿಂಗಳು ಮೀರಿದ ಸಿಮೆಂಟನ್ನು ಮರುಪರೀಕ್ಷೆ ಮಾಡದೆ ಬಳಸಬಾರದು. ಹಳೆಯದಾದಷ್ಟೂ ಅದರ ಕಸುವು ಇಳಿಯುತ್ತದೆ. ಸಿಮೆಂಟ್ ಕಾರ್ಖಾನೆಯ ಚಿಮಣಿ ಕಾಣುವ ಊರಲ್ಲಿ ನಾವು ಗಂಟು ಕಟ್ಟಿದ ಸಿಮೆಂಟ್ ಒಡೆದು ಜರಡಿ ಹಿಡಿದದ್ದು ಇದೆ. ಆ ಚೀಲಗಳನ್ನು ನಾನು ವಾಪಸು ಕಳಿಸಿದೆ, ಅಂಗಡಿಯವನು ಮುಂದಿನ ವಾರ ಬೇರೆ ಸೈಟಿಗೆ ಅವನ್ನೇ ಕಳಿಸಿದ.

ಕಾಲ ಬದಲಾಗಿದೆ, ಹಿಂದೆ ಎಲ್ಲ ಸರಳ ಇತ್ತು ಅನ್ನುವವರಿಗೆ ನಮ್ಮ ಕೋಟೆಯ ಜಾಮಿ ಮಸೀದಿ ತೋರಿಸುತ್ತೇನೆ. 1367ರದ್ದು. ತೆರೆದ ಅಂಗಳವೇ ಇಲ್ಲದೆ ಪೂರ್ತಿ ಮೇಲ್ಛಾವಣಿ, ಗುಮ್ಮಟದ ಪಕ್ಕ ಗುಮ್ಮಟ. ಕಟ್ಟಿಸಿದ ರಫಿ ಇರಾನಿನ ಕಜ್ವೀನಿನವನು ಅಂತ ಹೇಳುತ್ತಾರೆ. ಅಷ್ಟು ದೂರದಿಂದ ಬಂದವನಿಗೂ ಕಲ್ಲು ಎತ್ತಿ ಇಟ್ಟ ಕೈಗಳು ಈ ನೆಲದವೇ ಇರಬೇಕು. ಅವನು ಇಲ್ಲಿನವರನ್ನು ಮಾತಾಡಿಸದೆ ಕಟ್ಟಿದ ಅಂತ ನಾನು ನಂಬಲಾರೆ.

ಕಮಲಾಪುರ 2018ರಲ್ಲಿ ತಾಲ್ಲೂಕಾಯಿತು. ತಾಲ್ಲೂಕು ಅಂದಮೇಲೆ ಕಚೇರಿ, ಕೋರ್ಟು, ಆಸ್ಪತ್ರೆ, ವಸತಿಗೃಹ, ಗೋದಾಮು ಅಂತ ವರ್ಷಗಟ್ಟಲೆ ಕಟ್ಟುವುದು ಇದ್ದೇ ಇರುತ್ತದೆ. ಅಲ್ಲಿ ಮುಂದಿನ ಕಟ್ಟಡಕ್ಕೆ ನಾನು ಕೇಳುವುದು ದೊಡ್ಡದೇನಲ್ಲ. ಬೇವಿನ ಮರದ ಮೀಟಿಂಗ್ ಮೇಲೆ ಹೇಳಿದೆ. ಇನ್ನೊಂದು, ಈಗಾಗಲೇ ಪ್ರತಿ ಕಾಮಗಾರಿಯ ಮುಂದೆ ಒಂದು ತಗಡಿನ ಬೋರ್ಡು ಇರುತ್ತದೆ. ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರ, ಮುಗಿಯುವ ದಿನಾಂಕ (ಇದನ್ನು ಸಾಮಾನ್ಯವಾಗಿ ಬಿಳಿ ಬಣ್ಣದಲ್ಲಿ ಅಳಿಸಿ ಮತ್ತೆ ಬರೆದಿರುತ್ತಾರೆ), ಮೇಲೆ ಎರಡು ಫೋಟೋ. ಫೋಟೋಗಳನ್ನು ಸ್ವಲ್ಪ ಸಣ್ಣದು ಮಾಡಿದರೆ ಕೆಳಗೆ ಎರಡು ಸಾಲಿಗೆ ಜಾಗ ಸಿಗುತ್ತದೆ. ಒಂದು ಸಾಲಿನಲ್ಲಿ ಉಪಗುತ್ತಿಗೆದಾರರ, ಗೌಂಡಿಯ ಹೆಸರು. ಇನ್ನೊಂದರಲ್ಲಿ ಅವರಿಗೆ ಕೊನೆಯ ಸಲ ದುಡ್ಡು ಕೊಟ್ಟ ದಿನಾಂಕ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಬ್ಬ ಪೇಂಟರ್ ಸಾಕು.

ನಿಮ್ಮೂರಿನ ಬೋರ್ಡುಗಳಲ್ಲಿ ಏನೇನು ಬರೆದಿರುತ್ತಾರೆ? ಈ ವಾರ ದಾರಿಯಲ್ಲಿ ಸಿಕ್ಕಿದ ಒಂದಾದರೂ ಬೋರ್ಡು ನಿಂತು ಓದಿ ಬರೀರಿ.